ಪಲ್ಲಾಡಿಯಂ, ಗಂಧಕ, ಫಾಸ್ಫೀನ್: ಹರಳು ಬೆಳೆಸಿ ರಚನೆ ಬಿಡಿಸುವ ಬಗೆ

ಪಲ್ಲಾಡಿಯಂಗೆ ಒಂದು ಕಡೆ ಫಾಸ್ಫೀನ್, ಇನ್ನೊಂದು ಕಡೆ ಗಂಧಕದ ಲಿಗ್ಯಾಂಡ್ (ಲೋಹಕ್ಕೆ ಅಂಟುವ ಅಣು ಅಥವಾ ಅಯಾನು) ಕಟ್ಟಿದ ಸಂಕೀರ್ಣಗಳು ಎಂ.ಎಸ್ಸಿ. ಪ್ರಾಜೆಕ್ಟಿಗೆ ಹೇಳಿ ಮಾಡಿಸಿದಂತಿವೆ. ಗಾಳಿಯಲ್ಲೇ ಮಾಡಬಹುದು, ಗ್ಲೋವ್ ಬಾಕ್ಸ್ ಬೇಡ. ಬಣ್ಣ ಇರುವುದರಿಂದ ಹರಳು ಕಣ್ಣಿಗೆ ಬೀಳುತ್ತದೆ. ಪಲ್ಲಾಡಿಯಂ(II) ಚೌಕ ಸಮತಲದಲ್ಲಿ ಕೂರುವ ಡಿ⁸ ಅಯಾನು (ಡಿ ಕಕ್ಷಕಗಳಲ್ಲಿ ಎಂಟು ಎಲೆಕ್ಟ್ರಾನ್), ಅಯಸ್ಕಾಂತೀಯ ತಂಟೆ ಇಲ್ಲ, ಹಾಗಾಗಿ ಎನ್‌ಎಂಆರ್ (ಪರಮಾಣು ಕೇಂದ್ರಗಳ ಕಾಂತೀಯ ಅನುರಣನದ ರೋಹಿತ) ಸ್ವಚ್ಛವಾಗಿ ಬರುತ್ತದೆ. ತೊಡಕು ಇರುವುದು ಬೇರೆ ಕಡೆ. ಫಾಸ್ಫರಸ್, ಗಂಧಕ, ಕ್ಲೋರಿನ್ ಮೂರೂ ಆವರ್ತಕ ಕೋಷ್ಟಕದಲ್ಲಿ ಅಕ್ಕಪಕ್ಕ: ಪರಮಾಣು ಸಂಖ್ಯೆ 15, 16, 17. ಎಕ್ಸ್‌ರೇಗೆ ಕಾಣುವುದು ಎಲೆಕ್ಟ್ರಾನುಗಳು ಮಾತ್ರ. ಹೀಗಾಗಿ ಈ ಮೂರರಲ್ಲಿ ಯಾವುದು ಎಲ್ಲಿದೆ ಎಂಬ ತೀರ್ಮಾನದ ಅರ್ಧ ಭಾಗ ಎಕ್ಸ್‌ರೇ ಹಾಯಿಸಿ ಹರಳಿನ ರಚನೆ ಅಳೆಯುವ ಡಿಫ್ರಾಕ್ಟೋಮೀಟರಿನ ಹತ್ತಿರ ಹೋಗುವ ಮುಂಚೆಯೇ, ನಿಮ್ಮ ಬೆಂಚಿನ ಮೇಲೆ ಆಗಿರಬೇಕು.

ಇಲ್ಲಿ ಒಂದೇ ಸಂಯುಕ್ತವನ್ನು ಹಿಡಿದು ಹೋಗೋಣ: ಪಲ್ಲಾಡಿಯಂ ಮೇಲೆ ಒಂದು ಕ್ಲೋರೈಡ್, ಒಂದು ಟ್ರೈಫಿನೈಲ್‌ಫಾಸ್ಫೀನ್, ಎರಡೂ ಗಂಧಕದಿಂದ ಕಚ್ಚಿಕೊಂಡ ಒಂದು ಡೈಈಥೈಲ್ ಡೈಥಯೊಕಾರ್ಬಮೇಟ್. ಕೊನೆಯದನ್ನು ಮುಂದೆ ಡಿಟಿಸಿ ಎನ್ನುತ್ತೇವೆ. ಫಾಸ್ಫರಸ್, ಗಂಧಕ, ಕ್ಲೋರಿನ್ ಮೂರೂ ಒಂದೇ ಲೋಹದ ಸುತ್ತ ಇರುವುದರಿಂದ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲ ಹಂತ: ಆರಂಭದ ಸಂಕೀರ್ಣ

ಪಲ್ಲಾಡಿಯಂ ಕ್ಲೋರೈಡ್ 177 ಮಿ.ಗ್ರಾಂ, ಅಂದರೆ 1 ಮಿಲಿಮೋಲ್, ತೂಗಿ 20 ಮಿ.ಲೀ. ಅಸಿಟೋನೈಟ್ರೈಲ್‌ಗೆ ಹಾಕಿ ರಿಫ್ಲಕ್ಸ್ ಮಾಡಿ (ಆವಿ ತಣಿದು ಮರಳುವಂತೆ ಕುದಿಸಿ). ಕಂದು ಪುಡಿ ನಿಧಾನವಾಗಿ ಕರಗಿ ಕಿತ್ತಳೆ ಛಾಯೆಯ ದ್ರಾವಣವಾಗುತ್ತದೆ. ತಳದಲ್ಲಿ ಕಪ್ಪು ಚೂರು ಉಳಿದರೆ ಅದು ಲೋಹ. ಬಿಸಿ ಇರುವಾಗಲೇ ಸೋಸಿಬಿಡಿ. ಟ್ರೈಫಿನೈಲ್‌ಫಾಸ್ಫೀನ್ 550 ಮಿ.ಗ್ರಾಂ, ಅಂದರೆ 2.1 ಮಿಲಿಮೋಲ್, ಬೇರೆ ಬೀಕರಿನಲ್ಲಿ ಬಿಸಿ ಅಸಿಟೋನೈಟ್ರೈಲ್‌ನಲ್ಲಿ ಕರಗಿಸಿ ಇದಕ್ಕೆ ಸುರಿದರೆ ಹಳದಿ ಒತ್ತರ ತಕ್ಷಣ ಬೀಳುತ್ತದೆ. ತಣಿಸಿ, ಸೋಸಿ, ಎಥನಾಲ್‌ನಿಂದ ಒಮ್ಮೆ, ಈಥರ್‌ನಿಂದ ಎರಡು ಸಲ ತೊಳೆಯಿರಿ. ಲೆಕ್ಕದ ಪ್ರಕಾರ 702 ಮಿ.ಗ್ರಾಂ ಸಿಗಬೇಕು. 90 ಶೇಕಡದ ಆಸುಪಾಸು ಬಂದರೆ ಚೆನ್ನಾಗಿ ಆಗಿದೆ ಎಂದೇ ಅರ್ಥ.

ಫಾಸ್ಫೀನ್ ಬಾಟಲಿ ಹಳೆಯದಾಗಿದ್ದರೆ ಅದರಲ್ಲಿ ಆಕ್ಸೈಡ್ ಸೇರಿಯೇ ಇರುತ್ತದೆ. ಫಾಸ್ಫರಸ್ ಎನ್‌ಎಂಆರ್‌ನಲ್ಲಿ ಮುಕ್ತ ಫಾಸ್ಫೀನ್ −5ರಿಂದ −6 ಪಿಪಿಎಂ, ಆಕ್ಸೈಡ್ ಸುಮಾರು 29 ಪಿಪಿಎಂ, ಈಗ ಮಾಡಿದ ಹಳದಿ ಸಂಕೀರ್ಣ 23–24 ಪಿಪಿಎಂ. ಆಕ್ಸೈಡ್ ಕಂಡರೆ ಫಾಸ್ಫೀನನ್ನು ಬಿಸಿ ಎಥನಾಲ್‌ನಿಂದ ಒಮ್ಮೆ ಹರಳುಗಟ್ಟಿಸಿ ಬಳಸಿ. ಈ ಕೆಲಸ ತಪ್ಪಿಸಿದರೆ ಅದರ ದಂಡವನ್ನು ಹರಳು ಬೆಳೆಸುವಾಗ ಕಟ್ಟಬೇಕಾಗುತ್ತದೆ, ಮುಂದೆ ನೋಡುವಿರಿ.

ಪಲ್ಲಾಡಿಯಂ ಕ್ಲೋರೈಡ್ ಚರ್ಮಕ್ಕೆ ಅಲರ್ಜಿ ತರಿಸುವ ವಸ್ತು. ಕೈಗವಸು ಹಾಕಿಯೇ ತೂಗಿ. ಸೋಸಿದ ನೀರು, ಸೋಸುಕಾಗದ, ಕಪ್ಪಾದ ಚೂರು ಎಲ್ಲವನ್ನೂ "ಪಲ್ಲಾಡಿಯಂ ಕಸ" ಎಂದು ಬರೆದ ಬಾಟಲಿಗೆ ಹಾಕಿಡಿ. ಸಿಂಕಿಗೆ ಸುರಿದರೆ ವಿಷವೂ ಹೌದು, ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೂ ಹೌದು.

ಗಂಧಕ ಸೇರಿಸುವುದು

ಮೇಲಿನ ಹಳದಿ ಪುಡಿ 70 ಮಿ.ಗ್ರಾಂ, ಅಂದರೆ 0.1 ಮಿಲಿಮೋಲ್, 15 ಮಿ.ಲೀ. ಕ್ಲೋರೋಫಾರ್ಮ್‌ನಲ್ಲಿ ಹಾಕಿ ಸ್ಟಿರರ್ ಮೇಲಿಡಿ. ಪೂರ್ತಿ ಕರಗದಿದ್ದರೂ ಚಿಂತೆ ಇಲ್ಲ. ಸೋಡಿಯಂ ಡಿಟಿಸಿ ಟ್ರೈಹೈಡ್ರೇಟ್ 22.5 ಮಿ.ಗ್ರಾಂ ಅನ್ನು 5 ಮಿ.ಲೀ. ಮೆಥನಾಲ್‌ನಲ್ಲಿ ಕರಗಿಸಿ, ಡ್ರಾಪರ್‌ನಿಂದ ಹತ್ತು ನಿಮಿಷ ಹಿಡಿಯುವಂತೆ ತೊಟ್ಟುತೊಟ್ಟಾಗಿ ಬಿಡಿ. ಕೋಣೆಯ ಉಷ್ಣತೆಯಲ್ಲೇ ಎರಡು ಮೂರು ಗಂಟೆ ತಿರುಗಿಸಿ. ತೇಲುವ ಪುಡಿ ಮಾಯವಾಗಿ ದ್ರಾವಣ ತಿಳಿಯಾಗುತ್ತದೆ.

ಈ ಒಂದು ಪ್ಯಾರಾದಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು ತೂಕ. ಬಾಟಲಿಯ ಮೇಲೆ ಟ್ರೈಹೈಡ್ರೇಟ್ ಎಂದಿದ್ದರೆ ಅಣುತೂಕ 225.3. ನೀರಿಲ್ಲದ್ದಕ್ಕೆ 171.3. ಲೇಬಲ್ ಓದದೆ 171ರ ಲೆಕ್ಕದಲ್ಲಿ 17 ಮಿ.ಗ್ರಾಂ ಹಾಕಿದರೆ ನಿಜವಾಗಿ ಬಿದ್ದದ್ದು ಬೇಕಾದುದರ ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಆರಂಭದ ಸಂಕೀರ್ಣ ಹಾಗೇ ಉಳಿದು, ಅದೂ ಹಳದಿ ಹರಳಾಗಿ ನಿಮ್ಮ ಹರಳಿನ ಜೊತೆ ಕೂರುತ್ತದೆ. ಎರಡನೆಯದು ಸುರಿಯುವ ಕ್ರಮ. ಡಿಟಿಸಿ ದ್ರಾವಣಕ್ಕೆ ಪಲ್ಲಾಡಿಯಂ ಸುರಿದರೆ, ಅಥವಾ ಡಿಟಿಸಿಯನ್ನು ಒಮ್ಮೆಗೇ ಹಾಕಿದರೆ, ಆ ಜಾಗದಲ್ಲಿ ಡಿಟಿಸಿ ಹೆಚ್ಚಾಗಿ ಫಾಸ್ಫೀನ್ ಮತ್ತು ಕ್ಲೋರೈಡ್ ಎರಡನ್ನೂ ಹೊರದಬ್ಬಿ ಎರಡು ಡಿಟಿಸಿ ಹೊತ್ತ ಪಲ್ಲಾಡಿಯಂ ಆಗುತ್ತದೆ. ಅದೂ ಹಳದಿಯೇ. ಚೆಂದವಾಗಿ ಹರಳುಗಟ್ಟುತ್ತದೆ, ಬೇಡದ ಹೊತ್ತಿನಲ್ಲಿ.

ತಿಳಿಯಾದ ದ್ರಾವಣವನ್ನು ರೋಟಾವೇಪರ್‌ನಲ್ಲಿ 35 ಡಿಗ್ರಿ ದಾಟದಂತೆ ಒಣಗಿಸಿ. ಉಳಿದ ಪುಡಿಯನ್ನು 5 ಮಿ.ಲೀ. ಈಥರ್‌ನಿಂದ ಮೂರು ಸಲ ತೊಳೆಯಿರಿ. ಕ್ರಿಯೆಯಲ್ಲಿ ಕಳಚಿಬಿದ್ದ ಒಂದು ಫಾಸ್ಫೀನ್ ಹೀಗೆ ಹೋಗುತ್ತದೆ. ನಂತರ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ ಸೋಸಿದರೆ ಉಪ್ಪು ಹಿಂದೆ ಉಳಿಯುತ್ತದೆ. ಗರಿಷ್ಠ 55 ಮಿ.ಗ್ರಾಂ. 40 ಸಿಕ್ಕರೆ ಮುಂದಿನ ಕೆಲಸಕ್ಕೆ ಧಾರಾಳ.

ಬಾಟಲಿ ತೆರೆದು ಬಹಳ ದಿನವಾದ ಕ್ಲೋರೋಫಾರ್ಮ್‌ನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಸೇರಿಕೊಂಡಿರುತ್ತದೆ. ಡಿಟಿಸಿಗೆ ಆಮ್ಲ ಆಗದು. ಅಮೈನ್ ಮತ್ತು ಕಾರ್ಬನ್ ಡೈಸಲ್ಫೈಡ್ ಆಗಿ ಒಡೆದುಹೋಗುತ್ತದೆ. ಡ್ರಾಪರ್‌ನಲ್ಲಿ ಎರಡು ಅಂಗುಲ ಕ್ಷಾರೀಯ ಅಲ್ಯೂಮಿನಾ ತುಂಬಿ ಕ್ಲೋರೋಫಾರ್ಮನ್ನು ಅದರ ಮೂಲಕ ಹಾಯಿಸಿದರೆ ಸಾಕು.

ಹರಳಿಗೆ ಮುಂಚೆ ಗುರುತು ಹಿಡಿಯಿರಿ

ಪ್ರೋಟಾನ್ ಎನ್‌ಎಂಆರ್ ಒಂದೇ ಎಷ್ಟೋ ಸಂದೇಹ ಪರಿಹರಿಸುತ್ತದೆ. ನಮ್ಮ ಸಂಯುಕ್ತದಲ್ಲಿ ಒಂದು ಗಂಧಕದ ಎದುರು ಫಾಸ್ಫೀನ್, ಇನ್ನೊಂದರ ಎದುರು ಕ್ಲೋರೈಡ್. ಡಿಟಿಸಿಯ ಕಾರ್ಬನ್–ನೈಟ್ರೋಜನ್ ಬಂಧ ಅರ್ಧ ಜೋಡಿಬಂಧದ ಹಾಗೆ ಇರುವುದರಿಂದ ಸುಲಭವಾಗಿ ತಿರುಗದು. ಹಾಗಾಗಿ ಎರಡು ಈಥೈಲ್ ಗುಂಪುಗಳು ಬೇರೆಬೇರೆಯಾಗಿ, ಎರಡು ಟ್ರಿಪ್ಲೆಟ್, ಎರಡು ಕ್ವಾರ್ಟೆಟ್ ಕಾಣಬೇಕು. ಒಂದೊಂದೇ ಕಂಡರೆ ನಿಮ್ಮ ಕೈಲಿರುವುದು ಎರಡು ಡಿಟಿಸಿಯ ಸಂಕೀರ್ಣ. ಅವಕೆಂಪು ರೋಹಿತದಲ್ಲಿ (ಐಆರ್) ಕಾರ್ಬನ್–ನೈಟ್ರೋಜನ್ ಪಟ್ಟಿ ಸೋಡಿಯಂ ಲವಣದ 1475ರಿಂದ ಮೇಲೇರಿ 1510–1540 ಸೆಂ.ಮೀ.⁻¹ಗೆ ಬಂದಿರಬೇಕು. 1000ದ ಹತ್ತಿರ ಕಾರ್ಬನ್–ಗಂಧಕದ ಪಟ್ಟಿ ಒಂದೇ ಆಗಿದ್ದರೆ ಎರಡೂ ಗಂಧಕ ಲೋಹಕ್ಕೆ ಕಚ್ಚಿವೆ. ಫಾಸ್ಫರಸ್ ಎನ್‌ಎಂಆರ್‌ನಲ್ಲಿ ಒಂದೇ ಗೆರೆ ಇರಬೇಕು. −5ರ ಬಳಿ ಏನಾದರೂ ಉಳಿದಿದ್ದರೆ ಈಥರ್‌ನಿಂದ ಇನ್ನೊಮ್ಮೆ ತೊಳೆಯಿರಿ.

ಹರಳು ಬೆಳೆಸುವುದು

ತುಮಕೂರಿನ ಬೇಸಿಗೆಯಲ್ಲಿ ಡೈಕ್ಲೋರೋಮೀಥೇನ್ ನಂಬಿ ಕೆಡಬೇಡಿ. ಅದರ ಕುದಿಬಿಂದು ಸುಮಾರು 40 ಡಿಗ್ರಿ. ಈಥರ್‌ದು 35ಕ್ಕಿಂತ ತುಸು ಕಡಿಮೆ. ಏಪ್ರಿಲ್ ಮಧ್ಯಾಹ್ನ ಆರ್‌ಸಿಸಿ ಚಾವಣಿಯ ಕೆಳಗಿನ ಲ್ಯಾಬಿನಲ್ಲಿ ಈ ಎರಡೂ ದ್ರಾವಕಗಳು ಕುದಿಯುವ ಅಂಚಿನಲ್ಲೇ ಇರುತ್ತವೆ. ಸಂಜೆ ಹಾಕಿದ ಸೀಸೆ ಬೆಳಿಗ್ಗೆಗೆ ಒಣಗಿ ಗೋಡೆಗೆ ಹಳದಿ ಪೊರೆ ಅಂಟಿರುತ್ತದೆ. ಮಳೆಗಾಲದಲ್ಲಿ ಮತ್ತೊಂದು ಕಾಟ: ಡೈಕ್ಲೋರೋಮೀಥೇನ್ ಬೇಗ ಆರುವಾಗ ಸೀಸೆಯ ಬಾಯಿ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಇಬ್ಬನಿ ಕಟ್ಟಿ ದ್ರಾವಣಕ್ಕೆ ಇಳಿಯುತ್ತದೆ. 61 ಡಿಗ್ರಿಯಲ್ಲಿ ಕುದಿಯುವ ಕ್ಲೋರೋಫಾರ್ಮ್ ಅಥವಾ 83 ಡಿಗ್ರಿಯ 1,2-ಡೈಕ್ಲೋರೋಈಥೇನ್ ಕೆಳಗೆ, 69 ಡಿಗ್ರಿಯ ಹೆಕ್ಸೇನ್ ಮೇಲೆ ಎಂಬ ಜೋಡಿ ವರ್ಷವಿಡೀ ನಡೆಯುತ್ತದೆ.

ಪದರ ಹಾಕುವ ವಿಧಾನ ಹೀಗೆ. 10 ಮಿ.ಗ್ರಾಂ ಸಂಯುಕ್ತವನ್ನು 1 ಮಿ.ಲೀ. ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ. ಗಾಜಿನ ಡ್ರಾಪರ್‌ನ ಕುತ್ತಿಗೆಯಲ್ಲಿ ಸಣ್ಣ ಚೂರು ಸೋಸುಕಾಗದ ಅಥವಾ ಗಾಜಿನ ಉಣ್ಣೆ ತುರುಕಿ, ಅದರ ಮೂಲಕ ಸೋಸಿ ಉದ್ದನೆಯ ಕಿರಿದಾದ ಸೀಸೆಗೆ ಇಳಿಸಿ. ಹತ್ತಿ ಬೇಡ. ಅದರ ಎಳೆ ಒಂದು ಜಾರಿದರೂ ಅದರ ಉದ್ದಕ್ಕೂ ನೂರು ಹರಳು ಮೊಳೆಯುತ್ತವೆ. ಮೇಲೆ ಅರ್ಧ ಮಿ.ಲೀ. ಕ್ಲೋರೋಫಾರ್ಮ್–ಹೆಕ್ಸೇನ್ ಸಮಭಾಗದ ಮಿಶ್ರಣವನ್ನು ಗೋಡೆಗೆ ತಾಗಿಸಿ ಜಾರಿಸಿ. ಅದರ ಮೇಲೆ 4 ಮಿ.ಲೀ. ಹೆಕ್ಸೇನ್, ಇದೂ ಗೋಡೆಯಿಂದಲೇ. ಕ್ಲೋರೋಫಾರ್ಮ್ ಭಾರ, ಹೆಕ್ಸೇನ್ ಹಗುರ, ಆದ್ದರಿಂದ ಪದರಗಳು ತಾವಾಗಿ ನಿಲ್ಲುತ್ತವೆ. ನಡುವಿನ ಮಿಶ್ರಣದ ಪದರ ಬಿಟ್ಟುಬಿಟ್ಟರೆ ಎರಡೂ ಮುಟ್ಟಿದ ಗೆರೆಯಲ್ಲೇ ಪುಡಿ ಬೀಳುತ್ತದೆ.

ಸೀಸೆಗೆ ದೊಡ್ಡ ಹುಡುಕಾಟ ಬೇಡ. ಹೋಮಿಯೋಪತಿ ಅಂಗಡಿಯಲ್ಲಿ ಸಿಗುವ ಒಂದು ಡ್ರಾಮ್, ಎರಡು ಡ್ರಾಮ್ ಸೀಸೆಗಳು ಈ ಕೆಲಸಕ್ಕೆ ಬಂದಷ್ಟು ಬೇರೆ ಯಾವುದೂ ಬರಲಿಲ್ಲ. ಹೊಸದಾಗಿಯೇ ಕೊಳ್ಳಿ. ಗೀರು ಬಿದ್ದ ಗಾಜಿನಲ್ಲಿ ಗೀರಿಗೊಂದು ಹರಳು ಹುಟ್ಟುತ್ತದೆ. ರಬ್ಬರ್ ಬಿರಟೆ ಹಾಕಬಾರದು, ಕ್ಲೋರೋಫಾರ್ಮ್ ಆವಿಗೆ ಉಬ್ಬಿ ತನ್ನೊಳಗಿನ ಜಿಡ್ಡನ್ನು ದ್ರಾವಣಕ್ಕೆ ಬಿಡುತ್ತದೆ. ಪ್ಯಾರಾಫಿಲ್ಮ್ ಕೂಡ ಈ ಆವಿಗೆ ಕರಗಿ ತೂತಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನಲ್ಲಿಗೆ ಸುತ್ತಲು ಕೊಡುವ ಬಿಳಿ ಟೆಫ್ಲಾನ್ ಟೇಪನ್ನು ಬಾಯಿಗೆ ಎರಡು ಮೂರು ಸುತ್ತು ಸುತ್ತಿ ಮೇಲೆ ಮುಚ್ಚಳ ತಿರುಗಿಸಿ. ಸೂಜಿಯಲ್ಲಿ ಅಳೆದು ಹಾಕುವ ಅಭ್ಯಾಸವಿದ್ದರೆ ಗಾಜಿನ ಸಿರಿಂಜ್ ಬಳಸಿ. ಪ್ಲಾಸ್ಟಿಕ್ ಸಿರಿಂಜಿನ ಕಪ್ಪು ರಬ್ಬರ್ ತುದಿಯದೂ ಬಿರಟೆಯದೇ ಕಥೆ.

ಆವಿ ವಿಧಾನಕ್ಕೆ ಸಣ್ಣ ಸೀಸೆಯಲ್ಲಿ ದ್ರಾವಣ ಹಾಕಿ ಬಾಯಿ ತೆರೆದೇ ಇಟ್ಟು, ಅದನ್ನು 5 ಮಿ.ಲೀ. ಹೆಕ್ಸೇನ್ ಇರುವ ದೊಡ್ಡ ಗಾಜಿನ ಡಬ್ಬಿಯೊಳಗೆ ಇಳಿಸಿ ಬಿಗಿಯಾಗಿ ಮುಚ್ಚಿ. ಈಥರ್ ಹೆಚ್ಚು ಬೇಗ ಕೆಲಸ ಮಾಡುತ್ತದೆ, ಚಳಿಗಾಲದ ತಿಂಗಳುಗಳಲ್ಲಿ ಅದನ್ನೇ ಬಳಸಬಹುದು. ಈಥರ್ ಹಳೆಯದಾದರೆ ಪೆರಾಕ್ಸೈಡ್ ಕಟ್ಟುತ್ತದೆ. ಸ್ಫೋಟದ ಅಪಾಯ ಒಂದಾದರೆ, ಫಾಸ್ಫೀನನ್ನು ಆಕ್ಸೈಡ್ ಮಾಡುವುದು ಇನ್ನೊಂದು.

ಸೀಸೆಗಳನ್ನೆಲ್ಲ ಥರ್ಮೊಕೋಲ್ ಪೆಟ್ಟಿಗೆಯೊಳಗೆ ಹತ್ತಿಯ ಮೇಲೆ ನಿಲ್ಲಿಸಿ, ನೆಲದ ಮಟ್ಟದ ಕಪಾಟಿನಲ್ಲಿಡಿ. ಹಗಲು ರಾತ್ರಿಯ ಉಷ್ಣತೆಯ ಏರಿಳಿತ ಒಳಗೆ ಮೆತ್ತಗಾಗುತ್ತದೆ. ತುಮಕೂರಿನ ಬಿ.ಎಚ್. ರಸ್ತೆಯ ಬದಿಯ ಕಟ್ಟಡವಾದರೆ ಲಾರಿ ಹಾಯುವಾಗಿನ ಅದುರು ಬೆಂಚಿನ ಮೇಲಿಗಿಂತ ಅಲ್ಲಿ ಕಡಿಮೆ. ಫ್ರಿಜ್‌ನಲ್ಲಿಡುವ ಆಸೆ ಬಿಡಿ. ಅದರ ಕಂಪ್ರೆಸರ್ ಗಂಟೆಗೆ ಹಲವು ಸಲ ಅಲುಗಿಸುತ್ತದೆ, ಕರೆಂಟ್ ಹೋದಾಗ ಬೆಚ್ಚಗಾಗಿ ಹರಳು ಅರ್ಧ ಕರಗಿ, ಬಂದಾಗ ಮತ್ತೆ ಅದರ ಮೇಲೆ ಒರಟಾಗಿ ಬೆಳೆಯುತ್ತದೆ. ಹೀಗೆ ಬೆಳೆದದ್ದು ಹೊರಗೆ ಹೊಳೆಯುತ್ತದೆ, ಒಳಗೆ ಬಿರುಕು.

ಮೂರು ದಿನ ಪೆಟ್ಟಿಗೆ ತೆರೆಯದೆ ಇರುವುದು ಈ ಕೆಲಸದ ಅತಿ ಕಷ್ಟದ ಭಾಗ. ಒಂದೇ ಸಂಯುಕ್ತಕ್ಕೆ ಒಂದೇ ದಿನ ಆರೇಳು ಸೀಸೆ ಹಾಕಿ: ಒಂದರಲ್ಲಿ 10 ಮಿ.ಗ್ರಾಂ, ಒಂದರಲ್ಲಿ 5, ಮೇಲಿನ ದ್ರಾವಕ ಒಂದಕ್ಕೆ ಹೆಕ್ಸೇನ್, ಒಂದಕ್ಕೆ ಮೆಥನಾಲ್, ಒಂದಕ್ಕೆ ಟೊಲೂಈನ್ ಸೇರಿಸಿ ನಿಧಾನ ಆರಿಸುವುದು. ಪ್ರತಿ ಸೀಸೆಯ ಮೇಲೂ ಕಾಗದದ ಚೀಟಿ ಅಂಟಿಸಿ ದಿನಾಂಕ, ದ್ರಾವಕ, ತೂಕ ಪೆನ್ಸಿಲ್‌ನಲ್ಲಿ ಬರೆಯಿರಿ. ಮಾರ್ಕರ್ ಶಾಯಿ ಕ್ಲೋರೋಫಾರ್ಮ್ ತಾಗಿದರೆ ಅಳಿಸಿಹೋಗುತ್ತದೆ.

ಬಂದದ್ದನ್ನು ನೋಡಿ ಏನು ಮಾಡಬೇಕೆಂದು ಹೇಳುತ್ತೇವೆ. ಸಣ್ಣ ಪುಡಿಯೇ ಬಂದರೆ ಸಾಂದ್ರತೆ ಅರ್ಧ ಮಾಡಿ, ಇನ್ನೂ ಕಿರಿದಾದ ನಳಿಕೆ ಬಳಸಿ. ಹಳೆಯ ಎನ್‌ಎಂಆರ್ ನಳಿಕೆ ಇದಕ್ಕೆ ಚಿನ್ನ. ಎಣ್ಣೆಯಂತೆ ತಳದಲ್ಲಿ ಕುಳಿತರೆ ಹೆಕ್ಸೇನ್ ಬಿಟ್ಟು ಮೆಥನಾಲ್ ಹಾಕಿ ನೋಡಿ. ಎಣ್ಣೆಯಾಗುವುದಕ್ಕೆ ಎಷ್ಟೋ ಸಲ ಉಳಿದ ಫಾಸ್ಫೀನೇ ಕಾರಣ. ನವಿರು ಸೂಜಿಗಳ ಕಂತೆ ಬಂದರೆ ದ್ರಾವಕ ಬದಲಿಸುವುದೇ ದಾರಿ, ಕಾದರೆ ಸೂಜಿ ದಪ್ಪವಾಗುವುದಿಲ್ಲ. ದ್ರಾವಣ ಕಪ್ಪಾದರೆ ಪಲ್ಲಾಡಿಯಂ ಲೋಹ ಅಥವಾ ಸಲ್ಫೈಡ್ ಬೀಳುತ್ತಿದೆ ಎಂದರ್ಥ. ಮತ್ತೆ ಸೋಸಿ, ಬೆಳಕಿನಿಂದ ದೂರವಿಡಿ, ಬಿಸಿ ಮಾಡುವುದನ್ನು ನಿಲ್ಲಿಸಿ.

ಇನ್ನು ಆ ದಂಡದ ವಿಷಯ. ಸೀಸೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ, ಗಾಜಿನಂತೆ ತಿಳಿಯಾಗಿ, ನೋಡಿದರೆ ನೋಡುತ್ತಲೇ ಇರಬೇಕೆನಿಸುವ ಹರಳು ಬಂದಿದ್ದರೆ ಅದಕ್ಕೆ ಬಣ್ಣ ಇದೆಯೇ ಎಂದು ಮೊದಲು ನೋಡಿ. ಬಣ್ಣವಿಲ್ಲದಿದ್ದರೆ ಅದು ಟ್ರೈಫಿನೈಲ್‌ಫಾಸ್ಫೀನ್ ಅಥವಾ ಅದರ ಆಕ್ಸೈಡ್. ಆಕ್ಸೈಡ್‌ಗೆ ಹರಳುಗಟ್ಟುವ ಹುಚ್ಚು ಅಷ್ಟಿಷ್ಟಲ್ಲ. ಹಳದಿ ದ್ರಾವಣ ಅಂಟಿಕೊಂಡಿರುವುದರಿಂದ ಹೊರಗೆ ಹಳದಿಯಾಗಿಯೇ ಕಾಣುತ್ತದೆ. ಸ್ಲೈಡ್ ಮೇಲೆ ಎಣ್ಣೆಯಲ್ಲಿ ಹಾಕಿ ಸೂಜಿಯಿಂದ ಅತ್ತಿತ್ತ ಉರುಳಿಸಿದರೆ ಮೇಲಿನ ಹಳದಿ ತೊಳೆದುಹೋಗಿ ಅಸಲು ಬಣ್ಣ ಹೊರಬೀಳುತ್ತದೆ. ಬಣ್ಣವಿಲ್ಲದ ಪುಟ್ಟ ಘನಗಳು ಕಂಡರೆ ಉಪ್ಪು. ಒಂದು ಹನಿ ನೀರಿಗೆ ಕರಗುತ್ತದೆ.

ಹರಳು ಆರಿಸುವುದು, ಒಯ್ಯುವುದು

ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ ಹರಳನ್ನು ತಿರುಗಿಸಿ. ಒಂದೇ ಹರಳಾದರೆ ಪ್ರತಿ 90 ಡಿಗ್ರಿಗೊಮ್ಮೆ ಪೂರ್ತಿ ಒಟ್ಟಿಗೆ ಕಪ್ಪಾಗುತ್ತದೆ. ಅರ್ಧ ಕಪ್ಪಾಗಿ ಅರ್ಧ ಬೆಳಗುತ್ತಿದ್ದರೆ ಅವಳಿ ಹರಳು, ಬಿಟ್ಟು ಬೇರೆ ನೋಡಿ. ಪ್ರತಿ ಬದಿ 0.1ರಿಂದ 0.3 ಮಿ.ಮೀ. ಸಾಕು. ದೊಡ್ಡದಿದ್ದರೆ ಎಣ್ಣೆಯೊಳಗೆ ಬ್ಲೇಡಿನಿಂದ ಒಂದೇ ಏಟಿಗೆ ಕತ್ತರಿಸಿ, ಒತ್ತಿ ಜಜ್ಜಬೇಡಿ.

ಡಿಫ್ರಾಕ್ಟೋಮೀಟರ್‌ಗೆ ತುಮಕೂರಿನವರು ಸಾಮಾನ್ಯವಾಗಿ ಎಪ್ಪತ್ತು ಕಿ.ಮೀ. ದೂರದ ಬೆಂಗಳೂರಿಗೋ ಇನ್ನೂ ದೂರದ ಮೈಸೂರಿಗೋ ಹೋಗಬೇಕು. ಇಲ್ಲಿ ಎಷ್ಟೋ ಒಳ್ಳೆಯ ಹರಳುಗಳು ಸಾಯುತ್ತವೆ. ಒಣಗಿಸಿದ ಹರಳನ್ನು ಕಾಗದದಲ್ಲಿ ಸುತ್ತಿ ಒಯ್ಯಬೇಡಿ. ಕ್ಲೋರೋಫಾರ್ಮ್ ತನ್ನೊಳಗೆ ಹಿಡಿದಿಟ್ಟುಕೊಂಡ ಹರಳು ದ್ರಾವಣದಿಂದ ತೆಗೆದ ಕೆಲವೇ ನಿಮಿಷಕ್ಕೆ ಮಸುಕಾಗಿ ಸುಣ್ಣದಂತಾಗುತ್ತದೆ. ಬೆಳೆದ ದ್ರಾವಣದಲ್ಲೇ ಇರಲಿ. ಸೀಸೆಯ ಕತ್ತಿನವರೆಗೆ ಹೆಕ್ಸೇನ್ ತುಂಬಿ. ಅರ್ಧ ಖಾಲಿ ಸೀಸೆಯಲ್ಲಿ ದ್ರಾವಣ ಕುಲುಕಿ ಹರಳುಗಳು ಒಂದಕ್ಕೊಂದು ಬಡಿದು ಮೂಲೆ ಮುಕ್ಕಾಗುತ್ತವೆ. ಬಸ್ಸಿಗಿಂತ ರೈಲು ವಾಸಿ. ಪೆಟ್ಟಿಗೆಯನ್ನು ಮೇಲಿನ ಸಾಮಾನಿನ ಕಟ್ಟೆಗೆ ಹಾಕದೆ ತೊಡೆಯ ಮೇಲಿಟ್ಟುಕೊಳ್ಳಿ. ಕ್ಲೋರೋಫಾರ್ಮ್, ಹೆಕ್ಸೇನ್ ತುಂಬಿದ ಸೀಸೆಗಳು ಎರಡು ಪದರ ಪ್ಲಾಸ್ಟಿಕ್ ಚೀಲದೊಳಗೆ ಇರಲಿ.

ಯಂತ್ರದ ಬಳಿ ಕೇಳಬೇಕಾದವು

ತರಂಗ ಮಾಲಿಬ್ಡಿನಂದೇ ಇರಲಿ, 0.71073 ಆಂಗ್‌ಸ್ಟ್ರಾಮ್. ಕಾಪರ್ ತರಂಗವನ್ನು ಪಲ್ಲಾಡಿಯಂ, ಗಂಧಕ, ಕ್ಲೋರಿನ್ ಎಲ್ಲವೂ ಬಹಳವಾಗಿ ಹೀರುತ್ತವೆ. ಮಾಲಿಬ್ಡಿನಂನಲ್ಲಿ ಹೀರಿಕೆಯ ಗುಣಾಂಕ ಮಿ.ಮೀ.ಗೆ ಸುಮಾರು 1 ಇದ್ದರೆ ಕಾಪರ್‌ನಲ್ಲಿ ಅದರ ಹಲವು ಪಟ್ಟು. ಹರಳು ತೀರಾ ಚಿಕ್ಕದಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಕಾಪರ್. ಉಷ್ಣತೆ 100 ಕೆಲ್ವಿನ್ ಸಿಕ್ಕರೆ ಬಿಡಬೇಡಿ. ಕೋಣೆಯ ಉಷ್ಣತೆಯಲ್ಲಿ ಈಥೈಲ್ ತುದಿಗಳೂ ಫಿನೈಲ್ ಉಂಗುರಗಳೂ ತೂಗಾಡಿ ಚದರಿದ ಎಕ್ಸ್‌ರೇಯ ದೂರದ ಬಿಂದುಗಳು ಮಂಕಾಗುತ್ತವೆ.

ಪೂರ್ತಿ ಸಂಗ್ರಹಕ್ಕೆ ಮುಂಚೆ ಏಕಕ ಕೋಶದ (ಹರಳಿನಲ್ಲಿ ಮತ್ತೆ ಮತ್ತೆ ಮರುಕಳಿಸುವ ಚಿಕ್ಕ ಡಬ್ಬಿಯ) ಅಳತೆ ಮಾತ್ರ ತೆಗೆಸಿ ಒಂದು ಲೆಕ್ಕ ಹಾಕಿ. ಹೈಡ್ರೋಜನ್ ಬಿಟ್ಟು ಉಳಿದ ಪ್ರತಿ ಪರಮಾಣುವಿಗೆ 18ರಿಂದ 20 ಘನ ಆಂಗ್‌ಸ್ಟ್ರಾಮ್ ಜಾಗ ಬೇಕು. ನಮ್ಮ ಸಂಯುಕ್ತದಲ್ಲಿ ಅಂಥವು 29: ಪಲ್ಲಾಡಿಯಂ 1, ಕ್ಲೋರಿನ್ 1, ಫಾಸ್ಫರಸ್ 1, ಗಂಧಕ 2, ನೈಟ್ರೋಜನ್ 1, ಕಾರ್ಬನ್ 23. ಹಾಗಾದರೆ ಒಂದು ಅಣುವಿಗೆ 520ರಿಂದ 580, ಕೋಶದಲ್ಲಿ ನಾಲ್ಕು ಅಣು ಇದ್ದರೆ 2,100ರಿಂದ 2,300ರ ಸುತ್ತ. ತುಸು ಹೆಚ್ಚು ಬಂದರೂ ಸರಿ, ದ್ರಾವಕ ಒಳಗೆ ಕುಳಿತಿರಬಹುದು. 1,400–1,500 ಎಂದು ಬಂದರೆ ಫಾಸ್ಫೀನ್ ಅಥವಾ ಆಕ್ಸೈಡ್ ಹರಳೇ ಯಂತ್ರದ ಮೇಲೆ ಕುಳಿತಿದೆ. ಈ ಲೆಕ್ಕಕ್ಕೆ ಐದು ನಿಮಿಷ, ಇದಿಲ್ಲದೆ ಹೋದರೆ ಯಂತ್ರದ ಬಾಡಿಗೆಯೂ ಹೋಗುತ್ತದೆ, ಸರದಿಯೂ ಹೋಗುತ್ತದೆ.

ಸಂಗ್ರಹ ಮುಗಿದ ಮೇಲೆ ಹೀರಿಕೆಯ ತಿದ್ದುಪಡಿ ಆಗಿದೆಯೇ ಕೇಳಿ. ಥೀಟಾ (ಎಕ್ಸ್‌ರೇ ಚದರುವ ಕೋನದ ಅರ್ಧ) 25.24 ಡಿಗ್ರಿವರೆಗೆ ದತ್ತಾಂಶ 99 ಶೇಕಡಕ್ಕಿಂತ ಹೆಚ್ಚು ತುಂಬಿರಬೇಕು. ಪೆನ್‌ಡ್ರೈವ್‌ಗೆ ಎಚ್‌ಕೆಎಲ್ ಕಡತದ (ಬಿಂದುಗಳ ತೀವ್ರತೆಯ ಪಟ್ಟಿ) ಜೊತೆ ಮೂಲ ಚಿತ್ರಗಳನ್ನೂ ಹಾಕಿಸಿಕೊಳ್ಳಿ. ಅವಳಿ ಎಂದು ಆಮೇಲೆ ಗೊತ್ತಾದರೆ ಬೇಕಾಗುವುದು ಆ ಚಿತ್ರಗಳೇ.

ರಚನೆ ಬಿಡಿಸುವುದು

ರಚನೆ ಬಿಡಿಸುವ ಪ್ರೋಗ್ರಾಂ ಶೆಲ್‌ಎಕ್ಸ್‌ಟಿ ಓಡಿಸಿದರೆ ಪಲ್ಲಾಡಿಯಂ ಮೊದಲ ಸಲಕ್ಕೇ ಸಿಗುತ್ತದೆ. ಚಿತ್ರ ತೋರಿಸುವ ಒಲೆಕ್ಸ್2 ತೆರೆದು ನೋಡಿದರೆ ಪಲ್ಲಾಡಿಯಂ ಸುತ್ತ ಎಲೆಕ್ಟ್ರಾನ್ ಸಾಂದ್ರತೆಯ ನಾಲ್ಕು ಶಿಖರ. ಪ್ರೋಗ್ರಾಂ ಅವಕ್ಕೆ ಹೆಸರಿಟ್ಟಿರುತ್ತದೆ, ಆ ಹೆಸರನ್ನು ನಂಬಬೇಡಿ. ಗಂಧಕ ಮತ್ತು ಕ್ಲೋರಿನ್ ನಡುವೆ ಇರುವುದು ಒಂದೇ ಎಲೆಕ್ಟ್ರಾನ್, ನೂರಕ್ಕೆ ಆರರಷ್ಟು ಅಂತರ. ಎರಡನ್ನೂ ಅದಲುಬದಲು ಮಾಡಿದರೂ ಆರ್ ಬೆಲೆ (ಮಾದರಿಗೂ ದತ್ತಾಂಶಕ್ಕೂ ಇರುವ ಅಂತರ) ಅಷ್ಟೇನೂ ಏಳುವುದಿಲ್ಲ.

ಹೆಸರಿಡಬೇಕಾದದ್ದು ಅವುಗಳಿಗೆ ಅಂಟಿರುವುದನ್ನು ನೋಡಿ. ಮೂರು ಫಿನೈಲ್ ಉಂಗುರ 1.82 ಆಂಗ್‌ಸ್ಟ್ರಾಮ್ ದೂರದಲ್ಲಿ ಅಂಟಿದ್ದರೆ ಫಾಸ್ಫರಸ್. ಎರಡು ಶಿಖರಗಳು ಸುಮಾರು 1.72ರಲ್ಲಿ ಒಂದೇ ಕಾರ್ಬನ್ನಿಗೆ ಸೇರಿದ್ದರೆ ಡಿಟಿಸಿಯ ಗಂಧಕಗಳು. ಏನೂ ಅಂಟದೆ ಒಂಟಿಯಾಗಿರುವುದು ಕ್ಲೋರಿನ್. ನಂತರ ಉಷ್ಣ ಕಂಪನದ ಬೆಲೆ ಹೋಲಿಸಿ. ಕ್ಲೋರಿನ್ ಇರುವಲ್ಲಿ ಗಂಧಕ ಎಂದು ಬರೆದರೆ ಎಲೆಕ್ಟ್ರಾನ್ ಸಾಲದೆ ಅದರ ದೀರ್ಘವೃತ್ತ ಪಕ್ಕದವುಗಳಿಗಿಂತ ಕುಗ್ಗುತ್ತದೆ. ತಿರುಗುಮುರುಗಾಗಿ ಬರೆದರೆ ಹಿಗ್ಗುತ್ತದೆ. ವ್ಯತ್ಯಾಸ ಸಣ್ಣದು, ಆದರೆ ಒಳ್ಳೆಯ ದತ್ತಾಂಶದಲ್ಲಿ ಕಣ್ಣಿಗೆ ಬೀಳುತ್ತದೆ.

ಡಿಟಿಸಿ ಬದಲು ಥಯೊಲೇಟ್ (ಫಿನೈಲ್ ಗುಂಪು ಹೊತ್ತ ಒಂದೇ ಗಂಧಕದ ಲಿಗ್ಯಾಂಡ್) ಬಳಸಿದವರಿಗೆ ಇಲ್ಲಿ ನಿಜವಾದ ಪರೀಕ್ಷೆ. ಕ್ಲೋರೈಡ್ ಪೂರ್ತಿ ಹೋಗದೆ ಒಂದೇ ಜಾಗದಲ್ಲಿ ಕೆಲವು ಅಣುಗಳಲ್ಲಿ ಥಯೊಲೇಟ್, ಕೆಲವುದರಲ್ಲಿ ಕ್ಲೋರಿನ್ ಇರಬಹುದು. ಆಗ ಥಯೊಲೇಟಿನ ಫಿನೈಲ್ ಕಾರ್ಬನ್‌ಗಳ ಕಂಪನ ವಿಪರೀತ ದೊಡ್ಡದಾಗಿ ತೋರುತ್ತದೆ. ಅದಕ್ಕೆ ಚಲನೆಯ ಹಣೆಪಟ್ಟಿ ಹಚ್ಚಿ ಮುಂದೆ ಹೋಗದೆ, ಪಾರ್ಟ್ ಆಜ್ಞೆಯಿಂದ ಎರಡು ಭಾಗ ಮಾಡಿ ಪಾಲು ಎಷ್ಟೆಂದು ಮಾದರಿ ತಿದ್ದುವ ಪ್ರೋಗ್ರಾಂ ಶೆಲ್‌ಎಕ್ಸ್‌ಎಲ್‌ನಿಂದಲೇ ಕೇಳಿ. ಹಾಗೆಯೇ ಒಂಟಿ ಶಿಖರಕ್ಕೆ ಎಸ್‌ಎಚ್ ಗುಂಪು ಎಂದು ಹೆಸರಿಡುವ ಮುಂಚೆ ಧಾತು ವಿಶ್ಲೇಷಣೆಯೋ ಮಾಸ್ ಸ್ಪೆಕ್ಟ್ರಮ್ಮೋ ಕೈಲಿರಲಿ. ಎಕ್ಸ್‌ರೇ ಒಂದರಿಂದ ಅದನ್ನು ಕ್ಲೋರೈಡ್‌ನಿಂದ ಬೇರೆ ಮಾಡಲು ಹೋದರೆ ವಿಮರ್ಶಕರು ವಾಪಸ್ ಕಳಿಸುವುದು ಖಂಡಿತ, ಕಳಿಸಬೇಕಾದದ್ದೂ ಹೌದು.

ಹೆಸರು ಸರಿಯಾದ ಮೇಲೆ ಎಲ್ಲ ಭಾರ ಪರಮಾಣುಗಳಿಗೂ ಅಸಮದಿಕ್ (ದಿಕ್ಕಿಗೊಂದು ಬೆಲೆಯ) ಕಂಪನ ಕೊಡಿ. ಹೈಡ್ರೋಜನ್‌ಗಳನ್ನು ಲೆಕ್ಕದಿಂದ ಕೂರಿಸಿ: ಶೆಲ್‌ಎಕ್ಸ್‌ಎಲ್‌ನಲ್ಲಿ ಫಿನೈಲ್‌ಗೆ ಅಫಿಕ್ಸ್ ಆಜ್ಞೆ 43, ಸಿಎಚ್2ಗೆ 23, ಸಿಎಚ್3ಗೆ 137. ತೂಕದ ಸೂತ್ರವನ್ನು ಸ್ಥಿರವಾಗುವವರೆಗೆ ಮರುಕಳಿಸಿ. ಆರ್1 ಬೆಲೆ 0.05ರ ಒಳಗೆ, ಗೂಫ್ (ಮಾದರಿಯ ಹೊಂದಿಕೆಯ ಅಳತೆ) 1ರ ಹತ್ತಿರ ಇರಬೇಕು. ಪಲ್ಲಾಡಿಯಂನಿಂದ 1 ಆಂಗ್‌ಸ್ಟ್ರಾಮ್ ಒಳಗೆ ಒಂದು ಎಲೆಕ್ಟ್ರಾನ್‌ನಷ್ಟು ಶೇಷ ಶಿಖರ ಉಳಿದರೆ ಹೀರಿಕೆಯ ತಿದ್ದುಪಡಿಯ ಕೊರತೆ, ಅದಕ್ಕೆ ಪರಮಾಣು ಹಚ್ಚಬೇಡಿ. ದೂರದಲ್ಲಿ ಮೂರು ಶಿಖರ ಒಂದು ಮಧ್ಯದ ಸುತ್ತ ಕಂಡರೆ ಕ್ಲೋರೋಫಾರ್ಮ್. ಅದು ಎರಡು ಬಗೆಯಲ್ಲಿ ಮಲಗಿದ್ದರೆ ಸ್ಯಾಡಿ (ಸಮ ದೂರದ), ರಿಗು (ಕಂಪನದ) ನಿರ್ಬಂಧ ಹಾಕಿ. ಏನು ಮಾಡಿದರೂ ಆಗದಿದ್ದರೆ ದ್ರಾವಕದ ಕೊಡುಗೆಯನ್ನು ಲೆಕ್ಕದಿಂದ ತೆಗೆಯುವ ಸ್ಕ್ವೀಜ್. ತೆಗೆದುಹಾಕಿದ ಎಲೆಕ್ಟ್ರಾನುಗಳ ಲೆಕ್ಕ ರಚನೆಯ ವಿವರವೆಲ್ಲ ಇರುವ ಸಿಫ್ ಕಡತದಲ್ಲಿ ಬರೆದಿರಬೇಕು. ಒಂದು ಕ್ಲೋರೋಫಾರ್ಮ್‌ಗೆ 58.

ಒಂದು ವಿಚಿತ್ರವನ್ನು ಇಲ್ಲೇ ಹೇಳಿಬಿಡಬೇಕು. ನಿಮ್ಮ ಹಳದಿ ಹರಳು ಆರಂಭದ ಎರಡು ಫಾಸ್ಫೀನ್ ಸಂಕೀರ್ಣವೇ ಆಗಿದ್ದರೆ ಪಲ್ಲಾಡಿಯಂ ವಿಲೋಮ ಕೇಂದ್ರದ (ಎದುರುಬದುರಿನ ಅರ್ಧಗಳು ಒಂದೇ ಆಗುವ ಸಮಮಿತಿಯ ಬಿಂದು) ಮೇಲೆ ಕೂರಬಹುದು. ಆಗ ಅಣುವಿನ ಅರ್ಧ ಮಾತ್ರ ಪಟ್ಟಿಯಲ್ಲಿ ಕಾಣುತ್ತದೆ, ಉಳಿದರ್ಧ ಸಮಮಿತಿಯಿಂದ ಬರುತ್ತದೆ, ಫಾಸ್ಫರಸ್–ಪಲ್ಲಾಡಿಯಂ–ಫಾಸ್ಫರಸ್ ಕೋನ ದೋಷಾಂಕವೇ ಇಲ್ಲದೆ ಸರಿಯಾಗಿ 180 ಎಂದು ಬರುತ್ತದೆ. ಅದು ಅಳೆದ ಕೋನ ಅಲ್ಲ, ಸಮಮಿತಿ ಹೇರಿದ ಕೋನ. ಪಿ2₁/ಸಿ ಎಂಬ ಸಮಮಿತಿ ಗುಂಪಿನಲ್ಲಿ ಹೀಗಾದಾಗ ಬಿಂದುವಿನ ಸೂಚ್ಯಂಕಗಳಾದ ಕೆ ಮತ್ತು ಎಲ್ ಕೂಡಿಸಿದರೆ ಬೆಸ ಸಂಖ್ಯೆ ಬರುವ ಬಿಂದುಗಳಿಗೆ ಪಲ್ಲಾಡಿಯಂನ ಕೊಡುಗೆ ಸೊನ್ನೆ. ಆ ಬಿಂದುಗಳೆಲ್ಲ ಮಂಕಾಗಿ, ಕೋಶ ಕೇಂದ್ರಿತವಾಗಿದೆ ಎಂಬ ಭ್ರಮೆ ಹುಟ್ಟುತ್ತದೆ. ಮಂಕು ಎಂದು ಅವುಗಳನ್ನು ಬಿಟ್ಟುಬಿಟ್ಟರೆ ಹಗುರ ಪರಮಾಣುಗಳ ಮಾಹಿತಿಯೆಲ್ಲ ಅವುಗಳ ಜೊತೆಗೇ ಹೋಗುತ್ತದೆ.

ಅಂಕಿಗಳನ್ನು ಓದುವುದು

ನಮ್ಮ ಸಂಯುಕ್ತದಲ್ಲಿ ನೋಡಬೇಕಾದ ಮೊದಲ ಅಂಕಿ ಎರಡು ಪಲ್ಲಾಡಿಯಂ–ಗಂಧಕ ದೂರಗಳ ವ್ಯತ್ಯಾಸ. ಫಾಸ್ಫೀನಿನ ಎದುರಿನ ಗಂಧಕ 2.34–2.36ರಲ್ಲಿ, ಕ್ಲೋರೈಡಿನ ಎದುರಿನದು 2.27–2.29ರಲ್ಲಿ ಇರಬೇಕು. ಫಾಸ್ಫೀನ್ ತನ್ನ ಎದುರಿನ ಬಂಧವನ್ನು ಹೆಚ್ಚು ಸಡಿಲಿಸುತ್ತದೆ, ಕ್ಲೋರೈಡ್‌ಗೆ ಆ ಶಕ್ತಿ ಕಡಿಮೆ. ಈ ವ್ಯತ್ಯಾಸ ಬಾರದೆ ಎರಡೂ ಸಮನಾಗಿದ್ದರೆ ಎಲ್ಲೋ ಹೆಸರು ಅದಲುಬದಲಾಗಿದೆ ಅಥವಾ ಎರಡು ದಿಕ್ಕಿನ ಅಣುಗಳು ಒಂದರ ಮೇಲೊಂದು ಬಿದ್ದಿವೆ. ಗಂಧಕ–ಪಲ್ಲಾಡಿಯಂ–ಗಂಧಕ ಕೋನ 75ರ ಸುತ್ತ. ನಾಲ್ಕು ಸುತ್ತಿನ ಉಂಗುರವಾದ್ದರಿಂದ 90ಕ್ಕೆ ಚಾಚಲು ಆಗದು. ಕಾರ್ಬನ್–ನೈಟ್ರೋಜನ್ 1.32ರ ಹತ್ತಿರ ಬಂದರೆ ಎನ್‌ಎಂಆರ್‌ನಲ್ಲಿ ಎರಡು ಈಥೈಲ್ ಕಂಡದ್ದಕ್ಕೆ ಕಾರಣ ಇಲ್ಲೇ ಸಿಕ್ಕಿತು.

ಚೌಕ ಎಷ್ಟು ಸೊಟ್ಟಗಾಗಿದೆ ಎನ್ನಲು ಟೌ4 ಸೂಚ್ಯಂಕ ಬಳಸುತ್ತಾರೆ: 360ರಿಂದ ಎರಡು ದೊಡ್ಡ ಕೋನಗಳ ಮೊತ್ತ ಕಳೆದು 141ರಿಂದ ಭಾಗಿಸಿ. ದೊಡ್ಡ ಕೋನಗಳು 175 ಮತ್ತು 170 ಇದ್ದವೆಂದುಕೊಂಡರೆ ಬೆಲೆ 0.11. ಸೊನ್ನೆ ಎಂದರೆ ಚೌಕ, ಒಂದು ಎಂದರೆ ಚತುಷ್ಫಲಕ. ಡಿಟಿಸಿ ಇರುವಾಗ ಸೊನ್ನೆಗೆ ಹತ್ತಿರ ಬರದಿದ್ದರೆ ಗಾಬರಿ ಬೇಡ, ಕಿರಿದಾದ ಕಚ್ಚುಕೋನವೇ (ಗಂಧಕ–ಪಲ್ಲಾಡಿಯಂ–ಗಂಧಕ ಕೋನ) ಇತರ ಕೋನಗಳನ್ನು ಎಳೆದಿರುತ್ತದೆ. ಚಪ್ಪಟೆತನಕ್ಕೆ ನಾಲ್ಕು ಪರಮಾಣುಗಳ ಸಮತಲದಿಂದ ಪಲ್ಲಾಡಿಯಂ ಎಷ್ಟು ಸರಿದಿದೆ ಎಂಬುದನ್ನೂ ಕೊಡಿ.

ಎರಡು ಫಾಸ್ಫರಸ್ ಇರುವ ಲಿಗ್ಯಾಂಡ್ ಬಳಸುವವರು ಕಚ್ಚುಕೋನ ನೋಡಿದರೇ ಗುರುತು ಸಿಗುತ್ತದೆ: ಎರಡು ಫಾಸ್ಫರಸ್ ನಡುವೆ ಒಂದು ಕಾರ್ಬನ್ ಇರುವ ಡಿಪಿಪಿಎಂ 73ರ ಬಳಿ, ಎರಡಿರುವ ಡಿಪಿಪಿಇ 85, ಮೂರಿರುವ ಡಿಪಿಪಿಪಿ 90, ಫೆರೋಸೀನ್ ಇರುವ ಡಿಪಿಪಿಎಫ್ 98–99. ಇವುಗಳಿಗೆ ಡಿಟಿಸಿ ಸೇರಿಸಿದರೆ ಧನ ಅಯಾನು ಆಗುವುದರಿಂದ ಜೊತೆಗೊಂದು ಋಣ ಅಯಾನು ಬೇಕು. ಹೆಕ್ಸಾಫ್ಲೋರೋಫಾಸ್ಫೇಟ್ ಸುಲಭ, ಆದರೆ ಹರಳಿನಲ್ಲಿ ಗಿರಗಿಟ್ಟಲೆಯಂತೆ ತಿರುಗಿ ಕಾಡುತ್ತದೆ. ಪರ್‌ಕ್ಲೋರೇಟ್ ಒಣಗಿದಾಗ ಸಿಡಿಯಬಲ್ಲದು, ವಿದ್ಯಾರ್ಥಿಗಳ ಲ್ಯಾಬಿಗೆ ತರಲೇಬೇಡಿ. ಥಯೊಲ್ ಬಳಸಿದ ಗಾಜಿನ ಸಾಮಾನನ್ನು ಬ್ಲೀಚ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ನಾತ ಹೋಗುತ್ತದೆ. ಆ ನೀರಿಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಎರಡು ತೊಟ್ಟಿ ಬೇರೆಬೇರೆ ಇರಲಿ.

ಕೊನೆಗೆ ಸಿಫ್ ಕಡತದ ತಪ್ಪು ಹುಡುಕುವ ಚೆಕ್‌ಸಿಫ್. ಎ ಮತ್ತು ಬಿ ಎಚ್ಚರಿಕೆಗಳಿಗೆ ಒಂದೊಂದಾಗಿ ಉತ್ತರ ಬರೆಯಿರಿ. ಪಲ್ಲಾಡಿಯಂ–ಕ್ಲೋರಿನ್ ನಡುವೆ ಹಿರ್ಷ್‌ಫೆಲ್ಡ್ ಪರೀಕ್ಷೆಯ (ಬಂಧದ ಎರಡು ತುದಿಗಳ ಕಂಪನ ಹೋಲಿಸುವುದು) ಎಚ್ಚರಿಕೆ ಬಂದರೆ ಅದು ಔಪಚಾರಿಕ ದೂರಲ್ಲ, ಆ ಜಾಗದಲ್ಲಿ ಪರಮಾಣುವಿನ ಹೆಸರು ತಪ್ಪಿರಬಹುದು ಎಂಬ ಸೂಚನೆ. ಮತ್ತೆ ಗಂಧಕ–ಕ್ಲೋರಿನ್ ಭಾಗಕ್ಕೆ ಹೋಗಿ ನೋಡಿ. ಸಿಫ್ ಕಡತವನ್ನು ಕೇಂಬ್ರಿಜ್ ಹರಳು ದತ್ತಕೋಶಕ್ಕೆ ಸಲ್ಲಿಸಿದರೆ ಒಂದು ಸಂಖ್ಯೆ ಕೊಡುತ್ತಾರೆ, ಲೇಖನದಲ್ಲಿ ಅದನ್ನೇ ಬರೆಯಬೇಕು. ಸಲ್ಲಿಸಿದ ಮೇಲೂ ಉಳಿದ ಹರಳುಗಳ ಸೀಸೆಯನ್ನು ಎಸೆಯಬೇಡಿ. ಅದೇ ಸೀಸೆಯ ಪುಡಿಯ ಪೌಡರ್ ಎಕ್ಸ್‌ಆರ್‌ಡಿ (ಪುಡಿಯಿಂದ ಎಕ್ಸ್‌ರೇ ಚದರುವ ಮಾದರಿ) ತೆಗೆದು ಮರ್ಕ್ಯುರಿ ಪ್ರೋಗ್ರಾಂನಲ್ಲಿ ಲೆಕ್ಕ ಹಾಕಿದ ಮಾದರಿಯ ಜೊತೆ ಇಟ್ಟು ನೋಡಿ: ಯಂತ್ರದ ಮೇಲೆ ಕೂತದ್ದು ಒಂದೇ ಹರಳು, ಸೀಸೆಯಲ್ಲಿ ಉಳಿದದ್ದೆಲ್ಲ ಅದೇ ಹೌದೇ ಎಂಬುದು ಆಗಲೇ ತಿಳಿಯುತ್ತದೆ. ಉಷ್ಣತೆ ಬೇರೆಯಾದ್ದರಿಂದ 100 ಕೆಲ್ವಿನ್‌ನ ಲೆಕ್ಕದ ಗೆರೆಗಳು ಕೋಣೆಯ ಉಷ್ಣತೆಯ ಗೆರೆಗಳಿಗಿಂತ ತುಸು ಬಲಕ್ಕೆ ಸರಿದಿರುತ್ತವೆ, ಅದು ಸಹಜ.